ಹೊಳೆ ದಂಡೆಯಲ್ಲಿ ಮಂಜಿಯ ಸೈಕಲ್

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ನನ್ನ ಮೊಮ್ಮಗಳು ಮಂಜುಳ ಸೈಕಲ್ ತುಳಿದಳು! ಯಾರೂ ಹಿಡಿದುಕೊಳ್ಳದೆ, ಒಬ್ಬಳೇ ತುಳಿದಳು. ಜರ್ಮನಿ ದೇಶದ ಬ್ರೆಮೆನ್ ಪಟ್ಟಣದಲ್ಲಿ, ದೊಡ್ಡ ಹೊಳೆಯ ದಂಡೆಯ ಮೇಲೆ, ಅಷ್ಟೊಂದು ಬಿಳಿ ಜನರ ನಡುವೆ, ಪೋಲಿಯೋ ಬಂದಿದ್ದ ಅದೇ ಕಾಲನ್ನು ಆಡಿಸಿಕೊಂಡು ತುಳಿದಳು. ಅದನ್ನು ನೋಡುವುದಕ್ಕೆ ದೇವರು ನನ್ನನ್ನು ವಿಮಾನ ಹತ್ತಿಸಿ ಕಳಿಸಿದ ಅಂತಲೇ ನಾನು ತಿಳಿದುಕೊಂಡಿದ್ದೇನೆ.

ತುಮಕೂರಿಗೆ ವಾಪಸ್ಸು ಬಂದ ಮೇಲೆ ಸಿಕ್ಕವರೆಲ್ಲ ಕೇಳುತ್ತಾರೆ, "ಫಾರಿನ್ ಹೆಂಗಿತ್ತು ಲಿಂಗಣ್ಣ? ವಿಮಾನದಲ್ಲಿ ಊಟಕ್ ಏನ್ ಕೊಟ್ರು? ಚಳಿ ಜಾಸ್ತಿನಾ?" ನಾನು ಅಲ್ಲಿ ಎರಡು ತಿಂಗಳು ಇದ್ದೆ. ದೊಡ್ಡ ದೊಡ್ಡ ಕಟ್ಟಡ ನೋಡಿದೆ, ನೆಲದ ಮೇಲೆ ಹಳಿ ಹಾಕಿಕೊಂಡು ಬೀದಿಯಲ್ಲೇ ಓಡುವ ರೈಲು ನೋಡಿದೆ. ಆದರೆ ಹೇಳಬೇಕು ಅಂತ ಬಾಯಿ ತೆಗೆದರೆ ಒಂದೇ ಒಂದು ಭಾನುವಾರ ಬಾಯಿಗೆ ಬರುತ್ತದೆ. ಅದನ್ನೇ ಬರೆಯುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು.

ಗುಬ್ಬಿ ಗೇಟಿನಿಂದ ಬ್ರೆಮೆನ್‌ಗೆ

ನಾನು ಹಾಲಿನವನು. ಗುಬ್ಬಿ ಗೇಟಿನ ಹತ್ತಿರ ನಮ್ಮ ಮನೆ. ಸೈಕಲ್ಲಿನ ಎರಡು ಕಡೆಗೂ ಕ್ಯಾನ್ ನೇತುಹಾಕಿಕೊಂಡು ತುಮಕೂರಿನ ಬೀದಿ ಬೀದಿ ಸುತ್ತಿದವನು. ನನ್ನ ಮಗಳು ರತ್ನ ನರ್ಸಿಂಗ್ ಓದಿದಳು. ಆಗ ಜರ್ಮನಿಯ ಆಸ್ಪತ್ರೆಗಳಿಗೆ ನಮ್ಮ ಕಡೆಯ ನರ್ಸ್‌ಗಳನ್ನು ಕರೆಸಿಕೊಳ್ಳುತ್ತಿದ್ದರು. ಅವಳು ಮೊದಲು ಹೋದಳು. ಲೇತ್ ಕೆಲಸ ಬಲ್ಲ ಅಳಿಯ ಶಿವಣ್ಣನವರೂ ಹಿಂದೆಯೇ ಹೋಗಿ ಅಲ್ಲಿನ ಕಾರ್ಖಾನೆ ಸೇರಿದರು. ಮಗು ಮಂಜಿ ನಮ್ಮ ಹತ್ತಿರವೇ ಉಳಿದಳು.

ಮಂಜಿಗೆ ಎರಡು ವರ್ಷ ತುಂಬುವ ಮೊದಲೇ ಜ್ವರ ಬಂದು ಎಡಗಾಲು ಬಿದ್ದುಹೋಗಿತ್ತು. ನನ್ನ ಸೈಕಲ್ಲಿನ ಬಾರ್ ಮೇಲೆ ಒಂದು ಪುಟ್ಟ ಸೀಟು ಹಾಕಿಸಿದ್ದೆ. ಆಸ್ಪತ್ರೆಗೂ ಅದರಲ್ಲೇ, ಶಾಲೆಗೂ ಅದರಲ್ಲೇ. ಗಂಟೆ ಹೊಡೆಯುವ ಕೆಲಸ ಅವಳದು. ಶಾಲೆ ಬಾಗಿಲಲ್ಲಿ ಇಳಿಸುವಾಗ ಬೇರೆ ಮಕ್ಕಳು ಕುಣಿದುಕೊಂಡು ಓಡುವುದನ್ನು ಅವಳು ನೋಡುತ್ತಾ ನಿಲ್ಲುತ್ತಿದ್ದಳು. ನಾನು ಅವಳನ್ನು ನೋಡದ ಹಾಗೆ ಕ್ಯಾನ್ ಸರಿಮಾಡಿಕೊಳ್ಳುತ್ತಿದ್ದೆ.

ಆರು ವರ್ಷವಾದಾಗ ರತ್ನ ಬಂದು ಕರೆದುಕೊಂಡು ಹೋದಳು. ಅಲ್ಲಿ ಆಪರೇಷನ್ ಆಯಿತು. ಒಂದಲ್ಲ, ಎರಡು ಸಲ. ಕಬ್ಬಿಣದ ಪಟ್ಟಿ ಹಾಕಿದ ಬೂಟು ಹೋಗಿ ಹಗುರವಾದ ಬೂಟು ಬಂತು. ಎಂಬತ್ತೆರಡನೇ ಇಸವಿ ಬೇಸಿಗೆಯಲ್ಲಿ ರತ್ನ ನಮಗಿಬ್ಬರಿಗೂ ಟಿಕೆಟ್ ಕಳಿಸಿದಳು. ನನ್ನ ಹೆಂಡತಿ ಗೌರಮ್ಮ ಕುಣಿಗಲ್ ಕಡೆಯವಳು. ಬೆಂಗಳೂರು ದಾಟಿದವಳಲ್ಲ. ವಿಮಾನದಲ್ಲಿ ಕೂತ ಮೇಲೆ ಇಳಿಯುವವರೆಗೂ ಕಣ್ಣು ಬಿಡಲಿಲ್ಲ. "ಇಳಿದ್ಮೇಲೆ ಹೇಳಿ, ಬಿಡ್ತೀನಿ" ಅಂದಳು.

ಮನೆ ಹಿಂದಿನ ಅಂಗಳ

ಮಂಜಿ ಈಗ ಒಂಬತ್ತು ವರ್ಷದ ಹುಡುಗಿ. ಬಾಗಿಲು ತೆಗೆದವಳೇ, "ತಾತ, ನಂಗೆ ಸೈಕಲ್ ತಂದವ್ರೆ ಅಪ್ಪ! ನೀನೇ ಕಲಿಸ್ಬೇಕಂತೆ!" ಅಂದಳು. ಕಾಲಿಗೆ ಶಕ್ತಿ ಬರಬೇಕಾದರೆ ಅವಳೇ ಪೆಡಲ್ ತುಳಿಯಬೇಕು ಅಂತ ಅಲ್ಲಿನ ಡಾಕ್ಟರು ಹೇಳಿದ್ದರಂತೆ. ಎಡಗಾಲು ಜಾರದ ಹಾಗೆ ಶಿವಣ್ಣನವರು ಪೆಡಲಿಗೆ ಚರ್ಮದ ಪಟ್ಟಿ ಹೊಲಿಸಿದ್ದರು. ಸೈಕಲ್ ಕೆಂಪು ಬಣ್ಣದ್ದು. ಗೌರಮ್ಮ ಮುಂದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿ, ಅರಿಶಿನ ಕುಂಕುಮ ಹಚ್ಚಿ, ದೃಷ್ಟಿ ತೆಗೆದಳು. ಮಹಡಿ ಮೇಲಿನವರು ಕಿಟಕಿಯಿಂದ ಬಗ್ಗಿ ನೋಡಿದರು.

ದಿನಾ ಸಾಯಂಕಾಲ ಮನೆ ಹಿಂದಿನ ಅಂಗಳದಲ್ಲಿ ಅಭ್ಯಾಸ. ನಮ್ಮೂರಲ್ಲಿ ಸುಸ್ತಾದವನ ಪಕ್ಕದಲ್ಲಿ ಇನ್ನೊಬ್ಬ ಸೈಕಲ್ ಹೊಡೆಯುತ್ತಾ ಅವನ ಬೆನ್ನ ಮೇಲೆ ಕೈ ಇಟ್ಟು ತಳ್ಳಿಕೊಂಡು ಹೋಗುವುದಿಲ್ಲವೇ, ಹಾಗೆ ನಾನು ಅವಳ ಪಕ್ಕದಲ್ಲೇ ಇನ್ನೊಂದು ಸೈಕಲ್ ಹೊಡೆಯುತ್ತಾ ಬೆನ್ನ ಮೇಲೆ ಅಂಗೈ ಇಟ್ಟಿರುತ್ತಿದ್ದೆ. ಕೈ ಇದ್ದರೆ ಸಲೀಸಾಗಿ ಹೋಗುತ್ತಿದ್ದಳು. ತೆಗೆದರೆ, "ತಾತ! ಕೈ!" ಅಂತ ಕೂಗುತ್ತಿದ್ದಳು. ನಿಲ್ಲಿಸುವುದಂತೂ ಬರುತ್ತಲೇ ಇರಲಿಲ್ಲ. ನಿಲ್ಲಿಸಿದರೆ ಎಡಗಡೆಗೇ ವಾಲುತ್ತಿದ್ದಳು, ಆ ಕಾಲು ಪಟ್ಟಿಯೊಳಗೆ ಸಿಕ್ಕಿಕೊಂಡಿರುತ್ತಿತ್ತು, ನೆಲಕ್ಕೆ ಊರಲು ಬರುತ್ತಿರಲಿಲ್ಲ. ನಾನು ಹಿಡಿದುಕೊಳ್ಳಲೇಬೇಕು.

ನನಗೆ ಸೈಕಲ್ ಕೊಟ್ಟವರು ಕೆಳಗಿನ ಮನೆಯ ಹೆಲ್ಗಾ ಅನ್ನುವ ಹೆಂಗಸು. ನನ್ನಷ್ಟೇ ವಯಸ್ಸು. ಗೌರಮ್ಮ ಮೊದಲ ದಿನವೇ ಅವರನ್ನು ಹೆಲ್ಗಮ್ಮ ಮಾಡಿದಳು. ಅದು ಬಾರ್ ಇಲ್ಲದ ಲೇಡೀಸ್ ಸೈಕಲ್. ಜೀವನವೆಲ್ಲ ಕ್ಯಾನ್ ಹೊತ್ತ ಗಟ್ಟಿ ಸೈಕಲ್ ಹೊಡೆದವನು ನಾನು. ಹತ್ತುವುದಕ್ಕೆ ನಾಚಿಕೆಯಾಯಿತು.

"ಪಂಚೆಗೆ ಅದೇ ಸರಿ ಬುಡಿ," ಅಂದಳು ಗೌರಮ್ಮ. "ಕಾಲೆತ್ತಿ ಹಾಕೋ ಕಷ್ಟ ಇಲ್ಲ."

ಆ ಬೀದಿಯ ಜನ ಬೇಸಿಗೆಯಲ್ಲಿ ಒಂದು ಭಾನುವಾರ ಗುಂಪು ಕಟ್ಟಿಕೊಂಡು ಹೊಳೆ ದಂಡೆಗುಂಟ ಸೈಕಲ್ ಹೋಗುತ್ತಾರಂತೆ. ಪಂದ್ಯ ಅಲ್ಲ, ಕೆಲಸವೂ ಅಲ್ಲ, ಸುಮ್ಮನೆ. ಹೆಲ್ಗಮ್ಮ ಮಂಜಿಯನ್ನೂ ಕರೆದರು. ರತ್ನ ಒಪ್ಪಲಿಲ್ಲ. ಒಂದು ಕಡೆ ನೀರು, ತಡೆಗೋಡೆ ಇಲ್ಲ, ಬಿದ್ದು ಆಪರೇಷನ್ ಆದ ಕಾಲಿಗೆ ಏಟಾದರೆ ಮತ್ತೆ ಮೊದಲಿಂದ ಶುರು. ಅವಳು ಆಸ್ಪತ್ರೆಯಲ್ಲಿ ಅಂಥದ್ದನ್ನು ಕಂಡವಳು.

"ಎಲ್ರೂ ಹೋಗ್ತಾರೆ, ನಾನೊಬ್ಳೇ ಬಾಲ್ಕನೀಲಿ ನಿಂತ್ಕೊಂಡು ಟಾಟಾ ಮಾಡ್ಬೇಕಾ?" ಅಂದಳು ಮಂಜಿ.

ಶಾಲೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗುವೇ ಈಗ ಬಾಯಿ ಬಿಟ್ಟು ಕೇಳುತ್ತಿದೆ ಅನ್ನಿಸಿತು. "ಹೋಗ್ಲಿ ಕಣಮ್ಮ, ನಾನಿರ್ತೀನಲ್ಲ" ಅಂದೆ.

ರತ್ನ ನನ್ನ ಮುಖ ನೋಡಿದಳು. "ಅಪ್ಪ, ನೀನು ಕೈ ತೆಗೀಬಾರ್ದು. ಹೋಗೋವಾಗ್ಲೂ, ಬರೋವಾಗ್ಲೂ. ಮಾತ್ ಕೊಡು."

ಕೊಟ್ಟೆ.

ಭಾನುವಾರ, ದಂಡೆಯ ಮೇಲೆ

ಅವತ್ತು ರತ್ನನಿಗೆ ಡ್ಯೂಟಿ. ಶಿವಣ್ಣನವರು ಗೌರಮ್ಮನನ್ನೂ ಬುತ್ತಿಯನ್ನೂ ಬೀದಿ ರೈಲಿನಲ್ಲಿ ಕರೆದುಕೊಂಡು ಮುಂಚೆಯೇ ಹೋದರು. ಎಲ್ಲರೂ ಕೊನೆಗೆ ಸೇರುವುದು ದೋಣಿ ಕಟ್ಟೆಯ ಹತ್ತಿರದ ಹುಲ್ಲುಗಾವಲಿನಲ್ಲಿ. ನಾನು ಪಂಚೆ, ಕೋಟು, ತಲೆಗೆ ಮಫ್ಲರ್ ಹಾಕಿಕೊಂಡು ಲೇಡೀಸ್ ಸೈಕಲ್ ಹತ್ತಿದೆ. ಮಂಜಿ ಹಳದಿ ಸ್ವೆಟರ್ ಹಾಕಿದ್ದಳು.

ಅಲ್ಲಿನ ಜನ ಸೈಕಲ್ ಹೊಡೆಯುವುದನ್ನು ನೋಡಬೇಕು. ನಮ್ಮಲ್ಲಿ ಸೈಕಲ್ ಅಂದರೆ ಕೆಲಸ. ಕೊಬ್ಬರಿ ಮೂಟೆ, ಹಾಲಿನ ಕ್ಯಾನ್, ಹುಲ್ಲಿನ ಹೊರೆ, ಇಲ್ಲವೇ ಹಿಂದೆ ಹೆಂಡತಿ, ಮುಂದೆ ಮಗು. ಇಲ್ಲಿ ಕ್ಯಾರಿಯರ್ ಖಾಲಿ. ಒಬ್ಬರು ಮುಂದಿನ ಬುಟ್ಟಿಯಲ್ಲಿ ನಾಯಿ ಕೂರಿಸಿಕೊಂಡಿದ್ದರು. ಅದಕ್ಕೂ ಸ್ವೆಟರ್! ಯಾರೂ ಯಾರನ್ನೂ ಹಿಂದೆ ಹಾಕುವುದಿಲ್ಲ. ಮುದುಕರೊಬ್ಬರು ನಿಧಾನ ಮಾಡಿದರೆ ಇಡೀ ಗುಂಪೇ ನಿಧಾನ ಮಾಡುತ್ತದೆ. ದಾರಿಯ ಪಕ್ಕದಲ್ಲಿ ಗಂಡಸರು ಹೆಂಗಸರು ಅನ್ನದೆ ಜನ ಕಣದಲ್ಲಿ ರಾಗಿ ಹರವಿದ ಹಾಗೆ ಹುಲ್ಲಿನ ಮೇಲೆ ಮೈ ಹರವಿಕೊಂಡು ಬಿಸಿಲು ಕಾಯಿಸುತ್ತಿದ್ದರು. ನಾವು ಬಿಸಿಲು ಕಂಡರೆ ಮರ ಹುಡುಕುವವರು. ಅವರು ಮರದ ನೆರಳು ಬಂದರೆ ಎದ್ದು ಬಿಸಿಲಿಗೆ ಸರಿದುಕೊಳ್ಳುತ್ತಾರೆ.

ಹೊಳೆಯ ಹೆಸರು ವೇಸರ್. ತುಮಕೂರಿನವರಿಗೆ ಊರೊಳಗೆ ಹೊಳೆ ಹರಿಯುವುದೇ ಒಂದು ಆಶ್ಚರ್ಯ. ನಮಗೇನಿದ್ದರೂ ಕೆರೆ, ಕೆರೆ ಏರಿ. ಇಲ್ಲಿ ಪಟ್ಟಣದ ನಡುವೆ ಹಡಗು ಬರುತ್ತದೆ, ಅದರ ಮೇಲೆ ಒಬ್ಬ ಬಟ್ಟೆ ಒಣಗಿಸುತ್ತಿದ್ದ.

ನನ್ನ ಅಂಗೈ ಮಂಜಿಯ ಬೆನ್ನ ಮೇಲೆಯೇ ಇತ್ತು. ಹೊಳೆಯ ಕಡೆ ನಾನು, ಹುಲ್ಲಿನ ಕಡೆ ಅವಳು. ಬೂಟಿನ ಪಟ್ಟಿ ಪ್ರತಿ ಸುತ್ತಿಗೂ ಟಕ್ ಟಕ್ ಅನ್ನುತ್ತಿತ್ತು. ಹೆಲ್ಗಮ್ಮ ಆಗಾಗ ಹಿಂದೆ ತಿರುಗಿ ಏನೋ ಕೇಳುತ್ತಿದ್ದರು. ಮಂಜಿ ಅವರ ಭಾಷೆಯಲ್ಲೇ ಪಟಪಟ ಉತ್ತರ ಕೊಡುತ್ತಿದ್ದಳು.

"ಏನಂತೆ?"

"ಕೈ ನೋಯಲ್ವಾ ಅಂತ ಕೇಳ್ತಾರೆ ನಿಂಗೆ."

"ನೋಯಲ್ಲ ಅನ್ನು. ಹಾಲಿನ ಕ್ಯಾನ್ ಎತ್ತಿದ ಕೈ ಅನ್ನು."

"ಅದೆಲ್ಲ ನಂಗ್ ಹೇಳಕ್ ಬರಲ್ಲ ತಾತ, ಸುಮ್ನೆ ತುಳಿ."

ಸೇತುವೆಯ ಕೆಳಗೆ

ಕಬ್ಬಿಣದ ಸೇತುವೆಯ ಕೆಳಗೆ ದಾರಿ ಸ್ವಲ್ಪ ತಿರುಗುತ್ತದೆ. ತಿರುಗಿದೆವೋ ಇಲ್ಲವೋ, ಎದುರಿಗೆ ಪೊಲೀಸ್ ನಿಂತಿದ್ದಾನೆ! ಹಸಿರು ಕೋಟು, ಬಿಳಿ ಟೋಪಿ, ಆರೂವರೆ ಅಡಿ ಆಳು.

ಇಲ್ಲಿ ತುಮಕೂರಿನ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಗೆಲ್ಲ ಸೈಕಲ್ಲಿನಲ್ಲಿ ಡಬಲ್ಸ್ ಹೋದರೆ, ಕತ್ತಲಲ್ಲಿ ಲೈಟ್ ಇಲ್ಲದೆ ಹೋದರೆ, ಒಬ್ಬರ ಮೇಲೊಬ್ಬರು ಕೈ ಹಾಕಿಕೊಂಡು ಹೋದರೆ, ಪೊಲೀಸಿನವರು ಹಿಡಿದು ಎರಡೂ ಚಕ್ರದ ಗಾಳಿ ಬಿಡುತ್ತಿದ್ದರು. ತಪ್ಪು ನಮ್ಮದೇ, ಅವರನ್ನು ಏಕೆ ಅನ್ನಲಿ. ಆದರೆ ಹಾಲು ತುಂಬಿದ ಕ್ಯಾನ್ ಇಟ್ಟುಕೊಂಡು ಗಾಳಿ ಇಲ್ಲದ ಸೈಕಲ್ ತಳ್ಳಿದವನಿಗೇ ಗೊತ್ತು ಆ ಕಷ್ಟ. ಟೋಪಿ ಕಂಡ ಕೂಡಲೇ ಇಳಿದು, ಏನೂ ತಿಳಿಯದವನ ಹಾಗೆ ಸೈಕಲ್ ತಳ್ಳಿಕೊಂಡು ನಡೆಯುವುದು ನಮಗೆಲ್ಲ ರಕ್ತದಲ್ಲೇ ಬಂದಿದೆ.

ನನ್ನ ಕಾಲು ನನ್ನನ್ನು ಕೇಳಲೇ ಇಲ್ಲ. ತಾನಾಗಿ ಇಳಿಯಿತು. ಕೈ ತಾನಾಗಿ ಮಂಜಿಯ ಬೆನ್ನು ಬಿಟ್ಟಿತು. ಅಷ್ಟೇ ಅಲ್ಲ, ಬಗ್ಗಿ ಹಿಂದಿನ ಚಕ್ರದ ಗಾಳಿ ಬಿಡುವ ಜಾಗವನ್ನು ಬಿಗಿಯಾಗಿ ಮುಚ್ಚಿ ಹಿಡಿದುಕೊಂಡು, "ಗಾಳಿ ಬಿಡ್ಬೇಡಿ ಸ್ವಾಮಿ, ಮಗು ಕಾಲು ಸರಿಯಿಲ್ಲ" ಅಂತ ಅಪ್ಪಟ ಕನ್ನಡದಲ್ಲಿ ಬೇಡಿಕೊಂಡೆ.

ಆ ಪುಣ್ಯಾತ್ಮ ನನ್ನ ಕೈ ನೋಡಿದ, ಚಕ್ರ ನೋಡಿದ. ಓಹೋ ಅಂತ ತಲೆ ಆಡಿಸಿದ. ನನ್ನ ಸೈಕಲ್ಲಿಗೆ ಸಿಕ್ಕಿಸಿದ್ದ ಪಂಪನ್ನು ಎಳೆದುಕೊಂಡು, ದಾರಿಯಲ್ಲೇ ಮಂಡಿಯೂರಿ ಕೂತು, ನನ್ನ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಬಿಡಿಸಿ, ಗಾಳಿ ಹೊಡೆಯುವುದಕ್ಕೆ ಶುರು ಮಾಡಿದ! ಆಗಲೇ ಕಲ್ಲಿನಂತಿದ್ದ ಚಕ್ರಕ್ಕೆ ಮತ್ತೆ ಗಾಳಿ. ಮುಂದಿನದಕ್ಕೂ ಹೊಡೆದ. ಪೊಲೀಸಿನವರ ಕೈಯಲ್ಲಿ ಗಾಳಿ ಹಾಕಿಸಿಕೊಂಡ ಹಾಲಿನವನು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಆಮೇಲೆ ತಲೆ ಎತ್ತಿ ನೋಡಿದೆ. ಮಂಜಿ ಇಲ್ಲ.

ಹಿಂದಿದ್ದವರೆಲ್ಲ ನನ್ನನ್ನು ದಾಟಿ ಹೋಗಿದ್ದರು. ದಾರಿ ಖಾಲಿ. ಒಂದು ಕಡೆ ಹುಲ್ಲು, ಇನ್ನೊಂದು ಕಡೆ ಕಪ್ಪಗೆ ಹೊಳೆ. ಆ ಕ್ಷಣ ನನ್ನ ಎದೆ ಏನಾಯಿತು ಅಂತ ಬರೆಯುವುದಕ್ಕೆ ನಾಲ್ಕನೇ ಕ್ಲಾಸು ಸಾಲದು. ಕೊಟ್ಟ ಮಾತು ಒಂದು ಟೋಪಿ ನೋಡಿ ಮುರಿದಿದ್ದೆ. ಅವಳಿಗೆ ನಿಲ್ಲಿಸುವುದಕ್ಕೆ ಬರುವುದಿಲ್ಲ, ನಿಲ್ಲಿಸಿದರೆ ಎಡಕ್ಕೆ ಬೀಳುತ್ತಾಳೆ, ಎಡಕ್ಕೇ ಹೊಳೆ ಇರುವುದು. ಪೊಲೀಸಪ್ಪನಿಗೆ ಕೈ ಮುಗಿಯುವುದನ್ನೂ ಮರೆತು ಸೈಕಲ್ ಹತ್ತಿದೆ. ಬೆಳಗಿನ ಜಾವ ಹಾಲು ಒಡೆಯುವ ಮೊದಲು ಮನೆ ಮುಟ್ಟಿಸಬೇಕು ಅಂತ ಹೊಡೆಯುತ್ತಿದ್ದೆನಲ್ಲ, ಅದಕ್ಕಿಂತ ಜೋರಾಗಿ ಹೊಡೆದೆ. ಬಿಸಿಲು ಕಾಯಿಸುತ್ತಿದ್ದವರನ್ನು "ಹಳದಿ ಸ್ವೆಟರ್! ಸಣ್ಣ ಹುಡುಗಿ!" ಅಂತ ಕೇಳುತ್ತಾ ಹೋದೆ. ಒಬ್ಬ ಮುದುಕಿಗೆ ಮಾತ್ರ ಅರ್ಥವಾಯಿತು. ಮುಂದಕ್ಕೆ ಕೈ ತೋರಿಸಿ, ಎರಡು ಕೈಯನ್ನೂ ಪೆಡಲ್ ತಿರುಗಿಸಿದ ಹಾಗೆ ತಿರುಗಿಸಿ ನಕ್ಕಳು.

ದೋಣಿ ಕಟ್ಟೆ

ಮೊದಲು ಕಂಡದ್ದು ಅಳಿಯಂದಿರು. ನನ್ನ ಕಡೆಗೇ ಓಡಿ ಬರುತ್ತಿದ್ದರು.

"ಮಾವ! ಬಿದ್ರಾ? ಏಟಾಯ್ತಾ?"

"ನಂಗೇನಾಗಿಲ್ಲ, ಮಗು ಎಲ್ಲಿ?"

"ಮಗು ಅಲ್ಲೇ ಅವ್ಳೆ! ಅವ್ಳೊಬ್ಳೇ ಬಂದ್ಳು ಅಂತ ನಿಮ್ಮನ್ನ ಹುಡುಕ್ಕೊಂಡು ನಾನ್ ಬರ್ತಾ ಇದೀನಿ!"

ದೋಣಿ ಕಟ್ಟೆಯ ಹತ್ತಿರ ಒಂದು ದೀಪದ ಕಂಬ. ಮಂಜಿ ಸೈಕಲ್ ಮೇಲೆ ಕೂತ ಹಾಗೆಯೇ ಆ ಕಂಬವನ್ನು ಎರಡು ಕೈಯಲ್ಲೂ ತಬ್ಬಿಕೊಂಡು ನಿಂತಿದ್ದಳು. ಸುತ್ತಲೂ ಗುಂಪು. ಹೆಲ್ಗಮ್ಮ ಇಳಿಸುವುದಕ್ಕೆ ಕೈ ಚಾಚಿದರೆ ಬೇಡ ಅನ್ನುತ್ತಿದ್ದಳು. ಗೌರಮ್ಮ ಪಕ್ಕದಲ್ಲಿ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದಳು.

"ಎಲ್ಲಿಗ್ ಹೋಗಿದ್ರಿ?" ಅಂದಳು ನನಗೆ. "ಕೂಸು ಒಂದೇ ಬಂತಲ್ರೀ, ಮಾರಾಣಿ ಬಂದಂಗೆ ಬಂತು! ಬಂದು ಕಂಬಕ್ ಅಂಟ್ಕೊಂತು. ತಾತ ಬರೋಗಂಟ ಇಳಿಯಲ್ಲ ಅಂತ ಕೂತದೆ!"

ನಾನು ಹತ್ತಿರ ಹೋಗಿ ಅವಳ ತಲೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದೆ. ಒಂದು ತರಚು ಗಾಯವೂ ಇಲ್ಲ.

"ಕೈ ತೆಗೆದದ್ದು ಗೊತ್ತಾಗ್ಲಿಲ್ವಾ ಮಗಳೇ?"

"ಗೊತ್ತಾಯ್ತು. ಪೊಲೀಸ್ ನೋಡಿ ಇಳಿದ್ಯಲ್ಲ. ನಾನ್ ತಿರುಗಿ ನೋಡ್ದೆ."

"ಮತ್ತೆ ಕೂಗ್ಬಾರ್ದಾ?"

"ನಿಲ್ಸಕ್ ಬರಲ್ವಲ್ಲ ತಾತ. ಅದಕ್ಕೇ ಹೋದೆ."

ಎಷ್ಟು ಸರಿಯಾದ ಮಾತು ನೋಡಿ! ನಿಲ್ಲಿಸಲು ಬಾರದವಳು ಹೋಗುತ್ತಲೇ ಇರಬೇಕು. ಅಂಗಳದಲ್ಲಿ ನಾನು ಪ್ರತಿ ಸಲ ಕೂಗಿಗೆ ಓಗೊಟ್ಟು ಹಿಡಿದುಕೊಳ್ಳುತ್ತಿದ್ದೆ. ಇಲ್ಲಿ ಓಗೊಡುವವರು ಇರಲಿಲ್ಲ.

ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದೆವು. ಗೌರಮ್ಮ ಎಲ್ಲರಿಗೂ ಚಿತ್ರಾನ್ನ ಹಂಚಿದಳು. ನಾಯಿ ತಂದಿದ್ದವರು ಒಂದು ತುತ್ತು ತಿಂದು ಕೆಂಪಗಾಗಿ, ನೀರು ಕುಡಿದು, ಮತ್ತೆ ತಟ್ಟೆ ಒಡ್ಡಿದರು. ಗೌರಮ್ಮ ಹೊಳೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಚೆನ್ನಾಗದೆ. ಆದ್ರೂ ನಮ್ ಕುಣಿಗಲ್ ಕೆರೆ ತುಂಬಿದಾಗ ನೋಡ್ಬೇಕು" ಅಂದಳು. ಮಂಜಿ ಅದನ್ನು ಹೆಲ್ಗಮ್ಮನಿಗೆ ಅವರ ಭಾಷೆಯಲ್ಲಿ ಹೇಳಿಯೂ ಬಿಟ್ಟಳು. ಹೆಲ್ಗಮ್ಮ ಬಹಳ ಗಂಭೀರವಾಗಿ, ಒಂದು ಸಲ ಬಂದು ನೋಡುತ್ತೇನೆ ಅಂದರಂತೆ.

ವಾಪಸ್ಸು

ಶಿವಣ್ಣನವರು, "ಸಾಕು ಮಂಜಿ, ಸೈಕಲ್ ರೈಲಿಗೆ ಹಾಕೋಣ, ನೀನೂ ನಮ್ಜೊತೆ ಬಾ" ಅಂದರು. ನನಗೂ ಅದೇ ಸರಿ ಅನ್ನಿಸಿತು. ಒಂದು ಸಲ ಆದದ್ದು ಅದೃಷ್ಟ, ಇನ್ನೊಂದು ಸಲ ಹಾಗೇ ಆಗಬೇಕು ಅಂತ ಏನಿದೆ?

ಮಂಜಿ ಕಾಲನ್ನು ಪಟ್ಟಿಯೊಳಗೆ ತೂರಿಸುತ್ತಿದ್ದಳು. "ನಾನು ತುಳ್ಕೊಂಡೇ ಬರ್ತೀನಿ. ತಾತ, ಹೊರಡೋಕೆ ಒಂದ್ಸಲ ತಳ್ಳು, ಸಾಕು. ಆಮೇಲೆ ನೀನು ಮುಂದೆ ಹೋಗು. ತಿರುಗಿ ನೋಡ್ಬಾರ್ದು."

"ಅಮ್ಮಂಗೆ ಮಾತ್ ಕೊಟ್ಟಿದೀನಿ ಕಣೇ."

"ನೀನ್ ಕೊಟ್ಟಿದ್ದು. ನಾನ್ ಕೊಟ್ಟಿಲ್ಲ."

ಶಿವಣ್ಣನವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಕೊನೆಗೆ ಅವರೇ, "ತಳ್ಳಿ ಮಾವ" ಅಂದರು.

ತಳ್ಳಿದೆ. ಮುಂದೆ ಹೋದೆ. ನನ್ನ ಆಯುಸ್ಸಿನಲ್ಲಿ ಅಷ್ಟು ಕಷ್ಟದ ಸವಾರಿ ಮಾಡಿಲ್ಲ. ಕತ್ತು ಹಿಂದಕ್ಕೆ ತಿರುಗುತ್ತೇನೆ ಅನ್ನುತ್ತದೆ, ನಾನು ಬೇಡ ಅನ್ನುತ್ತೇನೆ. ಕಿವಿ ಮಾತ್ರ ಹಿಂದೆಯೇ ಇತ್ತು. ಟಕ್ ಟಕ್, ಟಕ್ ಟಕ್. ಒಂದು ಕಡೆ ಏರು ಬಂತು. ಟಕ್... ಟಕ್... ಸದ್ದು ನಿಂತೇ ಹೋಯಿತೇನೋ ಅನ್ನುವಷ್ಟು ನಿಧಾನವಾಯಿತು. ಹಿಂದೆ ಹೆಲ್ಗಮ್ಮ ಏನೋ ಕೂಗಿದರು. ಟಕ್. ಮತ್ತೆ ಟಕ್. ಆಮೇಲೆ ಇಳಿಜಾರು, ಸದ್ದು ಕುಣಿಯತೊಡಗಿತು, ಜೊತೆಗೆ ಅವಳ ಗಂಟೆಯ ಸದ್ದು. ನನ್ನ ಬಾರ್ ಮೇಲೆ ಕೂತು ಗುಬ್ಬಿ ಗೇಟಿನಲ್ಲಿ ಹೊಡೆಯುತ್ತಿದ್ದ ಹಾಗೆಯೇ ಬಿಡದೆ ಹೊಡೆಯುತ್ತಿದ್ದಳು.

ಮನೆ ಬೀದಿಗೆ ತಿರುಗಿದಾಗ ಇಡೀ ಗುಂಪು ಒಟ್ಟಿಗೆ ಗಂಟೆ ಬಾರಿಸಿತು. ಕಿಟಕಿಗಳು ತೆರೆದವು. ನಾನು ಲೇಡೀಸ್ ಸೈಕಲ್ ಮೇಲೆ ಎದೆ ಉಬ್ಬಿಸಿಕೊಂಡು ಕೂತಿದ್ದೆ. ಯಾರಾದರೂ ನೋಡಿದ್ದರೆ ಬಹುಮಾನ ನನಗೇ ಬಂದಿದೆ ಅಂದುಕೊಳ್ಳುತ್ತಿದ್ದರು. ಬಂದೇ ಇತ್ತು.

ಊಟ

ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಊಟದ ಹೊತ್ತಿಗೂ ಬಿಸಿಲು ಇರುತ್ತದೆ. ದೇವರ ದೀಪ ಯಾವಾಗ ಹಚ್ಚಬೇಕು ಅಂತ ಗೌರಮ್ಮನಿಗೆ ದಿನಾ ಗೊಂದಲ. ಅವತ್ತು ಸೊಪ್ಪಿನ ಬಸ್ಸಾರು, ಮುದ್ದೆ ಮಾಡಿದ್ದಳು. ರತ್ನ ಡ್ಯೂಟಿ ಮುಗಿಸಿ ಬಂದು, ಸ್ನಾನ ಮಾಡಿ ಕೂತಳು. ಐದೂ ಜನ ನೆಲದ ಮೇಲೆ ಚಾಪೆ ಹಾಸಿಕೊಂಡು ಸುತ್ತ ಕೂತೆವು. ನಾನು ಮುದ್ದೆಯನ್ನೇ ನೋಡುತ್ತಿದ್ದೆ.

"ಹೆಂಗಿತ್ತು ಸವಾರಿ?" ಅಂದಳು ರತ್ನ. "ಕೈ ನೋಯ್ತಾ ಅಪ್ಪ?"

"ತಾತ ಕೈ ಬಿಟ್ಬಿಟ್ರು," ಅಂದಳು ಮಂಜಿ. "ಪೊಲೀಸ್ ಬಂದಿದ್ದ. ನಾನೊಬ್ಳೇ ಹೋದೆ. ಬರೋವಾಗ್ಲೂ ಒಬ್ಳೇ."

ರತ್ನನ ತುತ್ತು ಅರ್ಧಕ್ಕೆ ನಿಂತಿತು. ನನ್ನ ಕಡೆ ನೋಡಿದಳು. ಶಿವಣ್ಣನವರು, "ನಾನೇ ಹೂಂ ಅಂದಿದ್ದು, ಬರೋವಾಗ" ಅಂದರು.

"ಅಮ್ಮ, ಕಾಲು ನೋಯ್ತಾ ಇದೆ" ಅಂದಳು ಮಂಜಿ.

"ನೋಯ್ದೆ ಇರತ್ತಾ? ನೋಡ್ದ್ಯಾ ಅಪ್ಪ, ಇದಕ್ಕೇ ನಾನು..." ರತ್ನ ಎಡಗೈಯಲ್ಲಿ ಮಗುವಿನ ಬಲಗಾಲಿನ ಮೀನಖಂಡ ಒತ್ತತೊಡಗಿದಳು. ದಿನಾ ಸಾಯಂಕಾಲ ನೋಯುತ್ತಿದ್ದುದು ಆ ಕಾಲೇ. ಏಳು ವರ್ಷದಿಂದ ಎರಡು ಕಾಲಿನ ಕೆಲಸವನ್ನೂ ಅದೊಂದೇ ಮಾಡುತ್ತಿತ್ತು.

"ಅದಲ್ಲಮ್ಮ. ಇದು."

ಮಂಜಿ ಎಡಗಾಲು ತೋರಿಸಿದಳು.

ರತ್ನ ಒತ್ತುವುದನ್ನು ನಿಲ್ಲಿಸಿದಳು. "ಎಲ್ಲಿ? ಬಿದ್ದ್ಯಾ?"

"ಬಿದ್ದಿಲ್ಲ. ಇಲ್ಲಿ. ಒಳಗೆ. ಓಡಿದ್ರೆ ನೋಯತ್ತಲ್ಲ, ಹಂಗೆ."

ರತ್ನ ತೊಡೆಯ ಮೇಲೆ ಬೆರಳು ಊರಿದಳು. ಮಂಜಿ, "ಆ ಅಮ್ಮ!" ಅಂದಳು. ಸ್ವಲ್ಪ ಕೆಳಗೆ ಊರಿದಳು. ಅಲ್ಲೂ "ಆ!" ಅಂದಳು. ರತ್ನ ತಲೆ ಬಗ್ಗಿಸಿದಳು. ಅವಳ ಭುಜ ಅಲುಗುವುದು ಕಂಡು ಗೌರಮ್ಮ ಗಾಬರಿಯಾದಳು.

"ಏನಾಯ್ತೇ? ಹೇಳ್ಬಾರ್ದಾ? ಡಾಕ್ಟ್ರಿಗೆ ಫೋನ್ ಮಾಡೋದಾ?"

"ಕೆಲ್ಸ ಮಾಡಿದೆ ಕಣಮ್ಮ," ಅಂದಳು ರತ್ನ. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಆ ಕಾಲು ಇವತ್ತು ಕೆಲ್ಸ ಮಾಡಿದೆ. ಅದಕ್ಕೇ ನೋಯ್ತಾ ಇದೆ."

ಗೌರಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆದ ಮೇಲೆ ಸಾರಿನ ಸೌಟು ಅಲ್ಲೇ ಬಿಟ್ಟು ಮಗುವಿನ ಮುಖ ಸವರಿ ನೆಟಿಕೆ ಮುರಿದಳು. ಶಿವಣ್ಣನವರು ಕನ್ನಡಕ ತೆಗೆದು ಒರೆಸತೊಡಗಿದರು. ರತ್ನ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿ, ಮೇಲೆ ತುಪ್ಪ ಬಿಟ್ಟಳು. ಬೈಗುಳ ಅಲ್ಲಿಗೆ ಮುಗಿಯಿತು ಅಂತ ನನಗೆ ತಿಳಿಯಿತು.

"ಊಟ ಮಾಡು ಬಂಗಾರ," ಅಂದಳು ಗೌರಮ್ಮ. "ಆಮೇಲೆ ಹರಳೆಣ್ಣೆ ಬಿಸಿ ಮಾಡಿ ಆ ಕಾಲಿಗೆ ಹಚ್ತೀನಿ."

ಮಂಜಿ ಮುದ್ದೆಯ ತುತ್ತನ್ನು ಸಾರಿನಲ್ಲಿ ಹೊರಳಿಸುತ್ತಾ ಹೇಳಿದಳು, "ಎರಡಕ್ಕೂ ಹಚ್ಬೇಕು ಅಜ್ಜಿ. ಎರಡೂ ತುಳಿದಿವೆ."